ಕಾರಿನ ಸಂಗೀತವೂ ವಿದ್ಯುತ್ತಿನ ಆಯವ್ಯಯವೂ

ಮನೆಯ ಯಜಮಾನನು ತಿಂಗಳ ಮೊದಲಲ್ಲಿ ವರಮಾನವನ್ನು ಎಣಿಸಿಕೊಂಡು, ಬಳಿಕ ಖರ್ಚಿನ ಪಟ್ಟಿಯನ್ನು ಬರೆಯುವನು. ಗೃಹಿಣಿಯು ಕಣಜದಲ್ಲಿರುವ ರಾಗಿಯನ್ನೂ ಡಬ್ಬದಲ್ಲಿರುವ ಅಕ್ಕಿಯನ್ನೂ ನೋಡಿಕೊಂಡೇ ನಂಟರಿಗೆ ಎಲೆ ಹಾಕುವಳು. ಇಷ್ಟು ವಿವೇಕವುಳ್ಳ ಸಂಸಾರಗಳಲ್ಲಿಯೂ, ಮನೆಯ ಮುಂದೆ ನಿಂತಿರುವ ಕಾರಿನ ಸಂಗೀತದ ವಿಷಯ ಬಂದಾಗ ಮಾತ್ರ ಈ ಲೆಕ್ಕವು ಮರೆತುಹೋಗುವುದುಂಟು. ಮಗನು ಪೇಟೆಯಿಂದ ದೊಡ್ಡದೊಂದು ಆಂಪ್ಲಿಫೈಯರನ್ನೂ, ಎದೆ ನಡುಗಿಸುವ ಸ್ಪೀಕರುಗಳನ್ನೂ ತಂದು ಕೂರಿಸುವನು. ಎಂಟು ದಿನ ಮನೆಮಂದಿಗೆಲ್ಲ ಸಂಭ್ರಮ. ಅನಂತರ ತಮಟೆಯಂಥ ಪೆಟ್ಟು ಬಿದ್ದಾಗಲೆಲ್ಲ ಮುಂದಿನ ದೀಪಗಳು ಮಂಕಾಗುವುವು. ಒಂದು ದಿನ ಬೆಳಗ್ಗೆ ಬೀಗದ ಕೈಯನ್ನು ತಿರುಗಿಸಿದರೆ ಎಂಜಿನ್ನು ಟಕ್ ಟಕ್ ಎಂದು ಸುಮ್ಮನಾಗುವುದು. ಈ ತೊಂದರೆ ಏಕೆ ಬರುತ್ತದೆ, ಇದನ್ನು ನಿವಾರಿಸುವ ಬಗೆ ಯಾವುದು ಎಂಬುದನ್ನು ಯಂತ್ರಶಾಸ್ತ್ರವನ್ನು ಓದದವರಿಗೂ ತಿಳಿಯುವಂತೆ ಹೇಳುವುದೇ ಈ ಲೇಖನದ ಉದ್ದೇಶ.

ತುಮಕೂರು ಜಿಲ್ಲೆಯ ಉತ್ತರಕ್ಕಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳ ವಾಚಕರಿಗೆ ಇದು ವಿಶೇಷವಾಗಿ ಬೇಕಾದ ವಿಷಯ. ಇದು ಹಾಡಿಗೂ ಜಾತ್ರೆಗೂ ಒಲಿದ ಸೀಮೆ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೂ, ಗೊರವನಹಳ್ಳಿಯ ಮಹಾಲಕ್ಷ್ಮಿಯ ದರ್ಶನಕ್ಕೂ, ಪಾವಗಡದ ಶನೈಶ್ಚರಸ್ವಾಮಿಯ ಸನ್ನಿಧಿಗೂ ಸಂಸಾರಸಮೇತರಾಗಿ ಕಾರುಗಳಲ್ಲಿ ಬರುವವರು ಬಹು ಮಂದಿ. ಹಳ್ಳಿಯ ಹವ್ಯಾಸಿಗಳು ಪೌರಾಣಿಕ ನಾಟಕವನ್ನಾಡುವಾಗ ಅದರ ಪ್ರಚಾರಕ್ಕೆ ಕೊಂಬು ಕಟ್ಟಿದ ಆಟೋ ಊರೂರು ಸುತ್ತುವುದು. ಇದರ ಜೊತೆಗೆ ಇಲ್ಲಿ ಊರಿಂದೂರಿಗೆ ದೂರ ಹೆಚ್ಚು. ಪಾವಗಡ ತಾಲ್ಲೂಕಿಗಂತೂ ಬಹುಪಾಲು ಸುತ್ತಲೂ ಆಂಧ್ರಪ್ರದೇಶದ ನೆಲವೇ. ನಡುರಾತ್ರಿ ಬಸುರಿಯನ್ನು ತಾಲ್ಲೂಕಿನ ಆಸ್ಪತ್ರೆಗೆ ಕರೆದೊಯ್ಯಬೇಕಾದ ಮನೆಯಲ್ಲಿ, ಸಂಜೆಯೆಲ್ಲ ಹಾಡಿ ಬರಿದಾದ ಬ್ಯಾಟರಿಯಿಂದ ಕಾರು ಹೊರಡದಿದ್ದರೆ ಆಗುವ ಸಂಕಟವನ್ನು ವಿವರಿಸಬೇಕಾದುದಿಲ್ಲ. ಆದುದರಿಂದ ಇದು ಕೇವಲ ವಿನೋದದ ಮಾತಲ್ಲ.

ಕೆರೆಯೂ ಹಳ್ಳವೂ

ನಮ್ಮ ಸೀಮೆಯ ಜನರಿಗೆ ಕೆರೆಯ ವ್ಯವಹಾರವನ್ನು ಹೇಳಿಕೊಡಬೇಕಾಗಿಲ್ಲ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯ ನೀರನ್ನೂ ಸಣ್ಣ ಪುಟ್ಟ ಹಳ್ಳಗಳ ನೀರನ್ನೂ ತಡೆದು, ಕೆರೆಗಳಲ್ಲಿ ನಿಲ್ಲಿಸಿಕೊಂಡು ಬದುಕಿದ ನಾಡು ಇದು. ಹಳ್ಳವು ತಂದುಕೊಡುವುದು, ಕೆರೆಯು ಹಿಡಿದಿಡುವುದು, ತೂಬಿನಿಂದ ಹೊರಟ ಕಾಲುವೆಯು ಗದ್ದೆಗೆ ಒಯ್ಯುವುದು. ಕಾರಿನ ವಿದ್ಯುತ್ತಿನ ವ್ಯವಸ್ಥೆಯೂ ಅಕ್ಷರಶಃ ಹೀಗೆಯೇ ಇದೆ. ಆಲ್ಟರ್ನೇಟರು ಹಳ್ಳ, ಬ್ಯಾಟರಿಯು ಕೆರೆ, ತಾಮ್ರದ ತಂತಿಯು ಕಾಲುವೆ, ಆಂಪ್ಲಿಫೈಯರು ಎಷ್ಟು ಕುಡಿದರೂ ತಣಿಯದ ಗದ್ದೆ. ಈ ನಾಲ್ಕರ ಸಂಬಂಧವನ್ನು ಅರಿತವನಿಗೆ ಮುಂದಿನದೆಲ್ಲವೂ ಸುಲಭ.

ಬ್ಯಾಟರಿಯು ವಿದ್ಯುತ್ತನ್ನು ಹುಟ್ಟಿಸುವ ಯಂತ್ರವೆಂದು ಅನೇಕರು ನಂಬಿರುವರು. ಅದು ಸರಿಯಲ್ಲ. ೧೮೫೯ರಲ್ಲಿ ಫ್ರಾನ್ಸ್ ದೇಶದ ಗಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿಯು ಸೀಸದ ಹಾಳೆಗಳನ್ನು ಗಂಧಕಾಮ್ಲದಲ್ಲಿ ಅದ್ದಿ ಮಾಡಿದ ಸಂಗ್ರಾಹಕವೇ ಇಂದಿನ ಕಾರಿನ ಬ್ಯಾಟರಿಯ ಮೂಲಪುರುಷ. ಅದರಲ್ಲಿ ತುಂಬಿದಷ್ಟೇ ತೆಗೆಯಲು ಸಾಧ್ಯ. ನಿಜವಾಗಿ ನೋಡಿದರೆ ತುಂಬಿದುದಕ್ಕಿಂತ ಸ್ವಲ್ಪ ಕಡಮೆಯೇ ಕೈಗೆ ಬರುವುದು. ಎಂಜಿನ್ನನ್ನು ಚಾಲನೆಗೆ ತರುವ ಸೆಲ್ಫ್ ಮೋಟಾರಿಗೆ ಕೆಲವು ಕ್ಷಣಗಳ ಕಾಲ ನೂರಾರು ಆಂಪಿಯರುಗಳಷ್ಟು ಪ್ರವಾಹವನ್ನು ಒಮ್ಮೆಲೇ ಕೊಡುವುದು ಅದರ ಮುಖ್ಯ ಧರ್ಮ. ಎಂಜಿನ್ನು ತಿರುಗತೊಡಗಿದ ಬಳಿಕ ಬಂಡಿಯ ಸಮಸ್ತ ವೆಚ್ಚವನ್ನೂ ಹೊರುವುದು ಆಲ್ಟರ್ನೇಟರು. ಅದು ತನ್ನ ಮಿಗತೆಯಿಂದ ಬ್ಯಾಟರಿಯ ಕೊರತೆಯನ್ನೂ ತುಂಬುವುದು.

ಆಲ್ಟರ್ನೇಟರಿನ ತತ್ತ್ವವು ೧೮೩೧ರಲ್ಲಿ ಮೈಕೇಲ್ ಫ್ಯಾರಡೆಯು ಕಂಡುಹಿಡಿದುದು: ತಾಮ್ರದ ಸುರುಳಿಯ ಬಳಿ ಅಯಸ್ಕಾಂತವು ಚಲಿಸಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದು. ಎಂಜಿನ್ನಿನ ಮುಂದಿರುವ ರಬ್ಬರಿನ ಪಟ್ಟಿಯು ಆಲ್ಟರ್ನೇಟರಿನೊಳಗಿನ ವಿದ್ಯುದಯಸ್ಕಾಂತವನ್ನು ತಿರುಗಿಸುವುದು. ಸುತ್ತಲಿನ ಸುರುಳಿಗಳಲ್ಲಿ ಹುಟ್ಟಿದ, ದಿಕ್ಕು ಬದಲಿಸುವ ಪ್ರವಾಹವನ್ನು ಡಯೋಡುಗಳೆಂಬ ಏಕಮುಖ ಬಾಗಿಲುಗಳು ನೇರಪ್ರವಾಹವನ್ನಾಗಿ ಮಾಡುವುವು. ಹಳೆಯ ಬಂಡಿಗಳಲ್ಲಿ ಇದರ ಸ್ಥಾನದಲ್ಲಿ ಡೈನಮೋ ಇತ್ತು. ಎಂಜಿನ್ನು ನಿಧಾನವಾಗಿ ತಿರುಗುವಾಗ ಅದರಿಂದ ಬರುತ್ತಿದ್ದುದು ಅತ್ಯಲ್ಪ. ೧೯೬೦ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪೆನಿಯು ತನ್ನ ವ್ಯಾಲಿಯಂಟ್ ಕಾರಿಗೆ ಆಲ್ಟರ್ನೇಟರನ್ನು ಜೋಡಿಸಿದ ಮೇಲೆ ಕ್ರಮೇಣ ಎಲ್ಲ ದೇಶಗಳಲ್ಲಿಯೂ ಅದೇ ರೂಢಿಗೆ ಬಂತು.

ಹುಟ್ಟಿಸುವುದು ಬೇರೆ, ಹಿಡಿದಿಡುವುದು ಬೇರೆ ಎಂಬುದಕ್ಕೆ ಪಾವಗಡದಲ್ಲಿಯೇ ಭವ್ಯವಾದ ಉದಾಹರಣೆಯಿದೆ. ತಿರುಮಣಿಯೇ ಮೊದಲಾದ ಗ್ರಾಮಗಳಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು ೧೩,೦೦೦ ಎಕರೆ ನೆಲದಲ್ಲಿ ಸೌರವಿದ್ಯುತ್ತಿನ ಉದ್ಯಾನವು ಎದ್ದಿದೆ. ೨೦೧೮ರಲ್ಲಿ ಉದ್ಘಾಟನೆಗೊಂಡು, ೨೦೧೯ರ ಕೊನೆಯ ವೇಳೆಗೆ ೨,೦೫೦ ಮೆಗಾವಾಟ್ ಸಾಮರ್ಥ್ಯವನ್ನು ಪಡೆಯಿತು. ಇಷ್ಟು ದೊಡ್ಡ ಸ್ಥಾವರದ ಹಲಗೆಗಳೂ ಹೊತ್ತು ಮುಳುಗಿದೊಡನೆ ಕೈಕಟ್ಟಿ ಕೂರುವುವು. ಹಗಲು ಹುಟ್ಟಿದುದನ್ನು ಇರುಳಿಗೆ ಕೂಡಿಡಬೇಕಾದರೆ ಬೇರೆಯೇ ಸಂಗ್ರಹವು ಬೇಕು. ಕಾರಿನಲ್ಲಿಯೂ ಎಂಜಿನ್ನು ನಿಂತಿತೆಂದರೆ ಸೂರ್ಯನು ಮುಳುಗಿದಂತೆಯೇ ಸರಿ. ಆಮೇಲೆ ಕೇಳಿದ ಪ್ರತಿಯೊಂದು ಹಾಡೂ ಕೆರೆಯ ಕೂಡಿಟ್ಟ ನೀರಿನಿಂದ ಬಂದುದು.

ವೋಲ್ಟು, ಆಂಪಿಯರು, ವಾಟು

ಕೆರೆಯಲ್ಲಿ ನೀರು ಎಷ್ಟು ಎತ್ತರಕ್ಕೆ ನಿಂತಿದೆಯೋ ಅದನ್ನು ವೋಲ್ಟು ಎಂದು ಭಾವಿಸಬಹುದು. ತೂಬಿನಲ್ಲಿ ಕ್ಷಣಕ್ಕೆ ಎಷ್ಟು ನೀರು ಹರಿಯುವುದೋ ಅದು ಆಂಪಿಯರು. ಎರಡನ್ನೂ ಗುಣಿಸಿದರೆ ಬರುವ ಕೆಲಸದ ಶಕ್ತಿಯೇ ವಾಟು. ಸಾಮಾನ್ಯ ಕಾರಿನ ಬ್ಯಾಟರಿಯಲ್ಲಿ ಆರು ಮನೆಗಳಿದ್ದು ಒಂದೊಂದೂ ೨.೧ ವೋಲ್ಟಿನಷ್ಟು ಕೊಡುವುದು. ಪೂರ್ಣವಾಗಿ ತುಂಬಿ ಕೆಲವು ಗಂಟೆ ವಿಶ್ರಮಿಸಿದ ಬ್ಯಾಟರಿಯು ೧೨.೬ ವೋಲ್ಟನ್ನು ತೋರಿಸುವುದು, ೧೨.೨ಕ್ಕೆ ಇಳಿದಿದ್ದರೆ ಸುಮಾರು ಅರ್ಧ ಖಾಲಿಯಾಗಿದೆ. ೧೨ಕ್ಕಿಂತಲೂ ಕೆಳಗಿಳಿದಿದ್ದರೆ ಕೆರೆಯ ತಳ ಕಾಣುತ್ತಿದೆಯೆಂದು ತಿಳಿಯತಕ್ಕದ್ದು. ಎಂಜಿನ್ನು ನಡೆಯುತ್ತಿರುವಾಗ ಅದೇ ಕೊನೆಗಳಲ್ಲಿ ೧೩.೮ರಿಂದ ೧೪.೪ ವೋಲ್ಟು ಇರುವುದು ಆರೋಗ್ಯದ ಲಕ್ಷಣ. ಕೆರೆಯ ಮಟ್ಟ ಮೀರದಂತೆ ಕೋಡಿಯು ಕಾಯುವ ಹಾಗೆ, ವೋಲ್ಟು ಮೀರದಂತೆ ರೆಗ್ಯುಲೇಟರೆಂಬ ಸಣ್ಣ ಸಾಧನವು ಆಲ್ಟರ್ನೇಟರನ್ನು ಹದ್ದಿನಲ್ಲಿಡುವುದು.

ವೋಲ್ಟು ಇಳಿದರೆ ಹಾಡಿಗೆ ಏನು ಕೇಡು? ಕೇಡುಂಟು. ಕಾರಿನ ಬಹುಪಾಲು ಆಂಪ್ಲಿಫೈಯರುಗಳ ಶಕ್ತಿಯು ವೋಲ್ಟಿನ ವರ್ಗಕ್ಕೆ ಅನುಸಾರವಾಗಿ ಏರಿಳಿಯುವುದು. ೧೪.೪ ವೋಲ್ಟಿನಲ್ಲಿ ೧೦೦ ವಾಟು ಕೊಡಬಲ್ಲ ಯಂತ್ರವು ೧೨ ವೋಲ್ಟಿನಲ್ಲಿ ಸುಮಾರು ೭೦ ವಾಟು ಮಾತ್ರ ಕೊಡುವುದು. ಧ್ವನಿ ಸಾಲದೆಂದು ಗುಂಡಿಯನ್ನು ಇನ್ನೂ ತಿರುಗಿಸಿದರೆ ಸ್ವರದ ತರಂಗಗಳ ನೆತ್ತಿಯು ಕೊಡಲಿಯಿಂದ ಕಡಿದಂತೆ ಚಪ್ಪಟೆಯಾಗುವುದು. ಕೇಳುವವರಿಗೆ ಅದು ಒಡಕು ದನಿ. ಸಣ್ಣ ಸ್ಪೀಕರುಗಳಿಗೆ ಅದು ಸುರುಳಿಯನ್ನು ಸುಡುವ ಬೆಂಕಿ. ಸ್ಪೀಕರು ಕೆಟ್ಟಿತೆಂದು ಮತ್ತೆ ಮತ್ತೆ ಹೊಸದನ್ನು ಕೊಳ್ಳುವವರಲ್ಲಿ ಅನೇಕರು ನಿಜವಾಗಿ ನೋಡಬೇಕಾದುದು ವೋಲ್ಟನ್ನು.

ವರಮಾನದ ಪಟ್ಟಿ

ಈಗ ಒಂದು ಸಾಧಾರಣ ಸಣ್ಣ ಕಾರಿನ ಜಮಾಖರ್ಚನ್ನು ಬರೆಯೋಣ. ಅದರ ಆಲ್ಟರ್ನೇಟರಿನ ಮೇಲೆ ೭೫ ಆಂಪಿಯರೆಂದು ಬರೆದಿರುವುದೆನ್ನೋಣ. ಇದು ಎಂಜಿನ್ನು ಚೆನ್ನಾಗಿ ಓಡುವಾಗಿನ ವರಮಾನ. ಬಂಡಿ ನಿಂತು ಎಂಜಿನ್ನು ಮೆಲ್ಲನೆ ತಿರುಗುವಾಗ ಅದರ ಅರ್ಧದಷ್ಟು ಬಂದರೆ ಹೆಚ್ಚು. ಇನ್ನು ಖರ್ಚು. ಎಂಜಿನ್ನಿನ ಕಿಡಿ, ಇಂಧನದ ಪಂಪು ಇವಕ್ಕೆ ಸುಮಾರು ೧೨ ಆಂಪಿಯರು. ಮುಂದಿನ, ಹಿಂದಿನ ದೀಪಗಳಿಗೆ ೧೨. ತಂಪು ಯಂತ್ರ, ಅದರ ಗಾಳಿ, ರೇಡಿಯೇಟರಿನ ಬೀಸಣಿಗೆ ಇವಕ್ಕೆ ೨೦. ಒಟ್ಟು ೪೪. ಶಿರಾದ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿಯಲ್ಲಿ ವೇಗವಾಗಿ ಸಾಗುವಾಗ ೩೧ ಆಂಪಿಯರು ಉಳಿತಾಯವಾಗುವುದು. ಅದೇ ಕಾರು ಜಾತ್ರೆಯ ದಟ್ಟಣೆಯಲ್ಲಿ ಸಿಕ್ಕಿ, ದೀಪವನ್ನೂ ತಂಪನ್ನೂ ಇಟ್ಟುಕೊಂಡು ನಿಂತಲ್ಲೇ ನಿಂತರೆ, ಹಾಡಿಲ್ಲದೆಯೂ ಆರೇಳು ಆಂಪಿಯರಿನ ಸಾಲ ಹುಟ್ಟುವುದು. ಆ ಸಾಲವನ್ನು ಬ್ಯಾಟರಿಯೇ ತೀರಿಸಬೇಕು.

ಬ್ಯಾಟರಿಯ ಹಸಿವಿಗೆ ಸ್ವಲ್ಪವನ್ನು ಮೀಸಲಿಟ್ಟು, ಓಡುವ ಕಾರಿನಲ್ಲಿ ೨೫ ಆಂಪಿಯರನ್ನು ಸಂಗೀತಕ್ಕೆ ಕೊಟ್ಟೆವೆನ್ನೋಣ. ೨೫ನ್ನು ೧೩.೮ರಿಂದ ಗುಣಿಸಿದರೆ ೩೪೫ ವಾಟು. ಇದಿಷ್ಟೂ ಹಾಡಾಗುವುದಿಲ್ಲ. ಎ.ಬಿ. ವರ್ಗದ ಹಳೆಯ ಬಗೆಯ ಆಂಪ್ಲಿಫೈಯರು ಪಡೆದುದರಲ್ಲಿ ಹೆಚ್ಚೆಂದರೆ ನೂರಕ್ಕೆ ಅರುವತ್ತು ಪಾಲನ್ನು ಸ್ಪೀಕರಿಗೆ ಕೊಟ್ಟು ಉಳಿದುದನ್ನು ಶಾಖವಾಗಿ ಕಳೆಯುವುದು. ಡಿ ವರ್ಗದ ಹೊಸ ಬಗೆಯದು ಎಂಬತ್ತರಿಂದ ತೊಂಬತ್ತು ಪಾಲನ್ನು ಕೊಡುವುದು. ಆದುದರಿಂದ ಕೊಳ್ಳುವವರು ಮೊದಲು ಈ ವರ್ಗವನ್ನು ವಿಚಾರಿಸತಕ್ಕದ್ದು. ಅದೇ ಹಳ್ಳದ ನೀರಿನಲ್ಲಿ ಒಂದೂವರೆ ಪಟ್ಟು ಬೆಳೆ ಬಂದಂತಾಗುವುದು. ಸಂಗೀತವು ಸದಾ ಶಿಖರದಲ್ಲಿ ನಿಲ್ಲುವುದಿಲ್ಲವೆಂಬುದು ಇನ್ನೊಂದು ಸಮಾಧಾನ. ಆಲಾಪನೆಯೂ ಮೌನವೂ ಇರುವ ಹಾಡಿನ ಸರಾಸರಿ ಬೇಡಿಕೆಯು ಶಿಖರದ ಮೂರರಲ್ಲೊಂದು ಪಾಲಿಗಿಂತ ಕಡಮೆಯೇ. ಬಿಡುವಿಲ್ಲದೆ ಗುಡುಗುವ ಈಗಿನ ಕುಣಿತದ ಹಾಡುಗಳು ಮಾತ್ರ ಈ ರಿಯಾಯಿತಿಯನ್ನು ಕೊಡುವುದಿಲ್ಲ.

ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಸಾವಿರ ವಾಟೆಂದು ಬರೆದಿರುವುದನ್ನು ನೋಡಿ ಮೋಸಹೋಗಬಾರದು. ಯಂತ್ರದ ಮಗ್ಗುಲಿನಲ್ಲಿರುವ ಫ್ಯೂಸನ್ನು ನೋಡಿರಿ. ಅಲ್ಲಿ ೩೦ ಎಂದಿದ್ದರೆ, ೩೦ನ್ನು ೧೩.೮ರಿಂದ ಗುಣಿಸಿದಾಗ ದೊರೆಯುವ ೪೧೪ ವಾಟಿಗಿಂತ ಹೆಚ್ಚನ್ನು ಅದು ಬಹಳ ಹೊತ್ತು ಎಳೆದುಕೊಳ್ಳಲಾರದು. ಎ.ಬಿ. ವರ್ಗದ್ದಾದರೆ ಸ್ಪೀಕರಿಗೆ ಸೇರುವುದು ೨೫೦ ವಾಟಿನ ಆಸುಪಾಸು. ಕಾಗದದ ಹೊಗಳಿಕೆಗಿಂತ ಫ್ಯೂಸಿನ ಸಾಕ್ಷ್ಯವು ಮೇಲು.

ಕಿವಿಯ ನ್ಯಾಯ

ಇಲ್ಲಿ ಪ್ರಕೃತಿಯ ಒಂದು ವಿಚಿತ್ರವನ್ನು ಗಮನಿಸಬೇಕು. ವಾಟನ್ನು ಎರಡರಷ್ಟು ಮಾಡಿದರೆ ಧ್ವನಿಯೂ ಎರಡರಷ್ಟು ಕೇಳಿಸುವುದೆಂದು ಎಲ್ಲರೂ ಎಣಿಸುವರು. ವಾಟು ಇಮ್ಮಡಿಯಾದಾಗ ಧ್ವನಿಯು ಏರುವುದು ಕೇವಲ ೩ ಡೆಸಿಬೆಲ್. ಕಿವಿಗೆ ಅದು ತುಸು ಏರಿದಂತೆ ತೋರುವುದು, ಅಷ್ಟೆ. ಕಿವಿಗೆ ಇಮ್ಮಡಿಯೆನ್ನಿಸಬೇಕಾದರೆ ಸುಮಾರು ಹತ್ತರಷ್ಟು ವಾಟು ಬೇಕು. ನೂರು ವಾಟಿನವನು ನೆರೆಯವನಿಗಿಂತ ಎರಡು ಪಟ್ಟು ಗದ್ದಲ ಮಾಡಬೇಕೆಂದು ಹೊರಟರೆ ಸಾವಿರ ವಾಟನ್ನು ತರಬೇಕು. ಅದಕ್ಕೆ ತಕ್ಕ ಬ್ಯಾಟರಿಯನ್ನೂ ಆಲ್ಟರ್ನೇಟರನ್ನೂ ತರಬೇಕು. ಈ ಪೈಪೋಟಿಯು ಎಲ್ಲಿಯವರೆಗೆ ಮನೆಯ ಹಣವನ್ನು ನುಂಗುವುದೆಂಬುದನ್ನು ವಾಚಕರೇ ಊಹಿಸಬಹುದು.

ಮಿತವ್ಯಯದ ದಾರಿಯೊಂದಿದೆ. ಅದನ್ನು ನಮ್ಮ ನಾಟಕದ ಪ್ರಚಾರದ ಆಟೋಗಳು ಬಹುಕಾಲದಿಂದ ಅನುಸರಿಸಿವೆ. ಅವುಗಳ ನೆತ್ತಿಯಲ್ಲಿರುವ ಕೊಂಬಿನ ಸ್ಪೀಕರು ಒಂದು ವಾಟಿಗೆ, ಒಂದು ಮೀಟರು ದೂರದಲ್ಲಿ, ಸುಮಾರು ೧೦೫ ಡೆಸಿಬೆಲ್ ಧ್ವನಿಯನ್ನು ಕೊಡಬಲ್ಲದು. ಕಾರಿನ ಸಾಮಾನ್ಯ ಸ್ಪೀಕರು ಅಷ್ಟೇ ಶಕ್ತಿಗೆ ೯೦ರ ಆಚೀಚೆ ನಿಲ್ಲುವುದು. ೧೫ ಡೆಸಿಬೆಲಿನ ಈ ಅಂತರವು ಶಕ್ತಿಯಲ್ಲಿ ಮೂವತ್ತು ಪಟ್ಟಿನ ಅಂತರ. ಮೂವತ್ತು ನಲವತ್ತು ವಾಟಿನ ಸಣ್ಣ ಯಂತ್ರವೊಂದು ಹಳ್ಳಿಯ ಆ ತುದಿಗೂ ಸುದ್ದಿ ಮುಟ್ಟಿಸುವ ಗುಟ್ಟು ಇದೇ. ಕೊಂಬಿನಲ್ಲಿ ಇಂಪಾದ ಸಂಗೀತ ಬಾರದು, ನಿಜ. ಅದರಿಂದ ಕಲಿಯಬೇಕಾದ ಪಾಠ ಬೇರೆ. ಕಾರಿಗೆ ಸ್ಪೀಕರನ್ನು ಆರಿಸುವಾಗ ಒಂದು ವಾಟಿಗೆ ಎಷ್ಟು ಡೆಸಿಬೆಲ್ ಎಂಬ ಅಂಕಿಯನ್ನು ನೋಡಿ, ೩ ಡೆಸಿಬೆಲ್ ಹೆಚ್ಚಿರುವುದನ್ನು ತೆಗೆದುಕೊಂಡರೆ, ಒಂದು ತಂತಿಯನ್ನೂ ಬದಲಿಸದೆ ಆಂಪ್ಲಿಫೈಯರನ್ನು ಇಮ್ಮಡಿಗೊಳಿಸಿದ ಫಲ ದೊರೆಯುವುದು.

ಕಾಲುವೆಯ ಅಗಲ

ಕೆರೆ ತುಂಬಿದ್ದರೂ ಕಾಲುವೆ ಕಿರಿದಾದರೆ ಕೊನೆಯ ಗದ್ದೆ ಒಣಗುವುದು. ಕಾರಿನ ಬ್ಯಾಟರಿಯು ಮುಂದೆ, ಆಂಪ್ಲಿಫೈಯರು ಹಿಂದೆ. ನಡುವೆ ಸುಮಾರು ೫ ಮೀಟರು ತಂತಿ. ೫೦ ಆಂಪಿಯರು ಹರಿಯುವಾಗ, ೬ ಚದರ ಮಿಲಿಮೀಟರಿನ ತಾಮ್ರದ ತಂತಿಯು ಆ ದಾರಿಯಲ್ಲಿಯೇ ಮುಕ್ಕಾಲು ವೋಲ್ಟಿನಷ್ಟನ್ನು ನುಂಗಿ ಬಿಸಿಯಾಗುವುದು. ೧೬ರ ತಂತಿಯು ಕಾಲು ವೋಲ್ಟಿಗಿಂತ ತುಸು ಹೆಚ್ಚು. ೨೫ರದು ಕಾಲು ವೋಲ್ಟಿಗಿಂತ ಕಡಮೆ. ಮರಳಿ ಬರುವ ದಾರಿಯು ಬಂಡಿಯ ಕಬ್ಬಿಣದ ಮೈ. ಅಲ್ಲಿ ಬಣ್ಣವನ್ನು ಕೆರೆದು, ಲೋಹವು ಲೋಹವನ್ನು ಮುಟ್ಟುವಂತೆ ಬೋಲ್ಟನ್ನು ಬಿಗಿಯದಿದ್ದರೆ ದಪ್ಪ ತಂತಿಯನ್ನೆಳೆದ ಶ್ರಮವೆಲ್ಲ ವ್ಯರ್ಥ. ಹೊಸ ಕಾರುಗಳಲ್ಲಿ ಬ್ಯಾಟರಿಯ ಋಣ ಕೊನೆಗೆ ಅಳತೆಯ ಸಾಧನವೊಂದನ್ನು ಕಟ್ಟಿರುವುದುಂಟು. ಅಂಥವುಗಳಲ್ಲಿ ಆಂಪ್ಲಿಫೈಯರಿನ ಅರ್ತ್ ತಂತಿಯನ್ನು ನೇರವಾಗಿ ಆ ಕೊನೆಗೆ ಬಿಗಿಯದೆ ಬಂಡಿಯ ಮೈಗೇ ಕೊಡಬೇಕು. ಇಲ್ಲವಾದರೆ ಬಂಡಿಯ ಲೆಕ್ಕಕ್ಕೆ ಈ ಖರ್ಚು ಕಾಣದೆ, ಬ್ಯಾಟರಿಯು ಅರೆಹೊಟ್ಟೆಯಲ್ಲಿ ಉಳಿಯುವುದು.

ಪೇಟೆಯಲ್ಲಿ ತಾಮ್ರದ ಲೇಪವುಳ್ಳ ಅಲ್ಯೂಮಿನಿಯಮ್ ತಂತಿಯನ್ನು ತಾಮ್ರವೆಂದೇ ಮಾರುವವರಿರುವರು. ಎಳೆಯೊಂದನ್ನು ಚಾಕುವಿನಿಂದ ಕೆರೆದು ನೋಡಿದರೆ ಒಳಗಿನ ಬಿಳುಪು ತಾನೇ ಸಾಕ್ಷಿ ಹೇಳುವುದು. ಅದೇ ದಪ್ಪದಲ್ಲಿ ಅದು ಹೊರುವ ಹೊರೆ ಬಹಳ ಕಡಮೆ.

ಎಲ್ಲಕ್ಕಿಂತ ಮುಖ್ಯವಾದುದು ಫ್ಯೂಸು. ಬ್ಯಾಟರಿಯಿಂದ ಹೊರಟ ತಂತಿಯಲ್ಲಿ, ಬ್ಯಾಟರಿಯಿಂದ ಒಂದು ಮೊಳದೊಳಗೆ, ಆ ತಂತಿಯು ಹೊರಬಲ್ಲ ಪ್ರವಾಹಕ್ಕೆ ತಕ್ಕ ಫ್ಯೂಸು ಇರಲೇಬೇಕು. ಆಂಪ್ಲಿಫೈಯರಿನಲ್ಲಿರುವ ಫ್ಯೂಸು ಆಂಪ್ಲಿಫೈಯರನ್ನು ಕಾಯುವುದೇ ಹೊರತು ದಾರಿಯಲ್ಲಿರುವ ತಂತಿಯನ್ನಲ್ಲ. ಬಾಗಿಲಿನ ಅಂಚಿಗೋ ಕುರ್ಚಿಯ ಕಾಲಿಗೋ ಸಿಕ್ಕಿ ತಂತಿಯ ಹೊದಿಕೆ ಸವೆದು ಕಬ್ಬಿಣಕ್ಕೆ ತಗುಲಿದರೆ, ಬ್ಯಾಟರಿಯು ಸಾವಿರದ ಆಸುಪಾಸಿನ ಆಂಪಿಯರನ್ನು ಒಮ್ಮೆಲೇ ಸುರಿಯಬಲ್ಲದು. ತಂತಿಯು ಕೆಂಡವಾಗುವುದಕ್ಕೆ ಕೆಲವು ಕ್ಷಣಗಳು ಸಾಕು. ಆ ಬಂಡಿಯಲ್ಲಿ ಕುಳಿತಿರುವುದು ನಮ್ಮ ಮಕ್ಕಳು ಎಂಬುದನ್ನು ನೆನೆದು, ಸಣ್ಣ ಬೆಲೆಯ ಈ ವಸ್ತುವನ್ನು ಎಂದಿಗೂ ಬಿಡಬಾರದು.

ಪರಿಹಾರಗಳು ಯಾವ ಕ್ರಮದಲ್ಲಿ?

ದೀಪ ಮಂಕಾಯಿತೆಂದೊಡನೆ ಅಂಗಡಿಯವನು ದೊಡ್ಡ ಉರುಳೆಯಂಥ ಕೆಪಾಸಿಟರೊಂದನ್ನು ತೋರಿಸುವನು. ಅದರ ಲೆಕ್ಕವನ್ನು ನೋಡೋಣ. ಒಂದು ಫ್ಯಾರಡ್ ಅಳತೆಯ ಕೆಪಾಸಿಟರು ೧೪.೪ ವೋಲ್ಟಿನಿಂದ ೧೨ಕ್ಕೆ ಇಳಿಯುವಾಗ ಹೊರಗೆ ಕೊಡುವುದು ಸುಮಾರು ೩೨ ಜೂಲ್ ಶಕ್ತಿ. ಸಾವಿರ ವಾಟಿನ ಬೇಡಿಕೆಗೆ ಅದು ಒಂದು ಸೆಕೆಂಡಿನ ಮೂವತ್ತರಲ್ಲೊಂದು ಪಾಲು ಹೊತ್ತಿಗೆ ಮುಗಿದುಹೋಗುವುದು. ಬೊಗಸೆ ನೀರಿನಿಂದ ಬರವನ್ನು ನೀಗಿಸಿದಂತೆ ಇದು. ಒಂದು ಪೆಟ್ಟಿನ ಕುಗ್ಗನ್ನು ಕೊಂಚ ಮರೆಮಾಡಬಹುದು. ಒಟ್ಟಿನ ಕೊರತೆಯನ್ನು ತುಂಬಲಾರದು.

ಇನ್ನೊಂದು ಬ್ಯಾಟರಿಯನ್ನು ಕೂರಿಸಿದರೆ? ಎರಡನೆಯ ಕೆರೆಯನ್ನು ಕಟ್ಟಿಸಿದರೂ ಹಳ್ಳವು ಅದೇ ಅಲ್ಲವೆ? ಎಂಜಿನ್ನು ನಿಲ್ಲಿಸಿ ಬಹಳ ಹೊತ್ತು ಹಾಡು ಕೇಳುವವರಿಗೆ ಅದರಿಂದ ಉಪಯೋಗವುಂಟು. ನಡುವೆ ಪ್ರತ್ಯೇಕಿಸುವ ರಿಲೇಯನ್ನು ಹಾಕಿ, ಹಾಡಿನ ಬ್ಯಾಟರಿಯು ಬರಿದಾದರೂ ಎಂಜಿನ್ನಿನ ಬ್ಯಾಟರಿಯು ಮೀಸಲಾಗಿರುವಂತೆ ಮಾಡಬಹುದು. ನೀರು ಹಾಕುವ ಬಗೆಯ ಬ್ಯಾಟರಿಯನ್ನು ಜನ ಕೂರುವ ಭಾಗದಲ್ಲಾಗಲಿ ಸಾಮಾನಿನ ಗೂಡಿನಲ್ಲಾಗಲಿ ಇಡಕೂಡದು. ವಿದ್ಯುತ್ತು ತುಂಬುವಾಗ ಅದರಿಂದ ಜಲಜನಕವು ಹೊರಬರುವುದು, ಒಂದು ಕಿಡಿಯಿಂದ ಅದು ಸಿಡಿಯುವುದು. ಮುಚ್ಚಿದ ಎ.ಜಿ.ಎಂ. ಬಗೆಯದೇ ಅಲ್ಲಿಗೆ ತಕ್ಕುದು.

ಹಳ್ಳವನ್ನೇ ಹಿರಿದು ಮಾಡುವುದು, ಎಂದರೆ ದೊಡ್ಡ ಆಲ್ಟರ್ನೇಟರನ್ನು ಹಾಕಿಸುವುದು, ನಿಜವಾದ ಪರಿಹಾರ, ಆದರೆ ಕೊನೆಯದು. ಕೊಳ್ಳುವಾಗ ಅದರ ಅತ್ಯಧಿಕ ಅಂಕಿಗಿಂತ, ಎಂಜಿನ್ನು ಮೆಲ್ಲನೆ ತಿರುಗುವಾಗ ಎಷ್ಟು ಕೊಡುವುದೆಂಬುದನ್ನು ವಿಚಾರಿಸಬೇಕು. ಅದು ಪುಕ್ಕಟೆಯೂ ಅಲ್ಲ. ೧೦೦ ಆಂಪಿಯರು ಕೊಡುವ ಆಲ್ಟರ್ನೇಟರು ಎಂಜಿನ್ನಿನಿಂದ ಮೂರು ಅಶ್ವಶಕ್ತಿಗಿಂತ ಹೆಚ್ಚನ್ನು ಕಸಿದುಕೊಳ್ಳುವುದು. ಅದರ ಬೆಲೆಯನ್ನು ಪೆಟ್ರೋಲಿನ ರೂಪದಲ್ಲಿ ತೆರಬೇಕು. ಹೊಸ ಕಾರುಗಳಲ್ಲಿ ಇಂಧನದ ಉಳಿತಾಯಕ್ಕಾಗಿ ಗಣಕವೇ ಆಲ್ಟರ್ನೇಟರಿನ ವೋಲ್ಟನ್ನು ಏರಿಸಿ ಇಳಿಸುವುದರಿಂದ, ಅದನ್ನು ಬದಲಿಸುವ ಮುನ್ನ ಬಲ್ಲವರ ಸಲಹೆ ಅವಶ್ಯಕ. ಮೂಲ ತಂತಿಗಳನ್ನು ಕತ್ತರಿಸಿದರೆ ಕಂಪೆನಿಯ ಖಾತರಿಗೂ ಭಂಗ ಬರಬಹುದು.

ಆದುದರಿಂದ ವಿವೇಕಿಯು ಹಿಡಿಯಬೇಕಾದ ಕ್ರಮ ಹೀಗಿದೆ. ಮೊದಲು ಬ್ಯಾಟರಿಯ ಕೊನೆಗಳನ್ನು ತೊಳೆದು ಬಿಗಿಯುವುದು, ಎಂಜಿನ್ನಿನ ಪಟ್ಟಿ ಸಡಿಲವಾಗಿದೆಯೇ ನೋಡುವುದು. ಎರಡನೆಯದಾಗಿ, ಆಲ್ಟರ್ನೇಟರಿನಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಬಂಡಿಯ ಮೈಗೆ, ಎಂಜಿನ್ನಿನಿಂದ ಬಂಡಿಯ ಮೈಗೆ ಹೋಗುವ ಮೂರು ತಂತಿಗಳಿಗೆ ಜೊತೆಯಾಗಿ ದಪ್ಪ ತಂತಿಗಳನ್ನು ಕೊಡುವುದು. ಮೂರನೆಯದಾಗಿ, ಆಂಪ್ಲಿಫೈಯರಿನ ತಂತಿಯನ್ನೂ ಅರ್ತನ್ನೂ ಫ್ಯೂಸನ್ನೂ ಸರಿಪಡಿಸುವುದು. ಅನಂತರ ಹೆಚ್ಚು ದಕ್ಷತೆಯ ಸ್ಪೀಕರು, ಡಿ ವರ್ಗದ ಆಂಪ್ಲಿಫೈಯರು. ಇಷ್ಟಾದರೂ ಸಾಲದೆ ಹೋದರೆ ಮಾತ್ರ ಬ್ಯಾಟರಿ ಮತ್ತು ಆಲ್ಟರ್ನೇಟರಿನ ಯೋಚನೆ. ಮೊದಲ ಮೂರರಲ್ಲಿಯೇ ಬಹುಮಂದಿಯ ತೊಂದರೆ ತೀರುವುದು.

ನಮ್ಮ ಬಿಸಿಲೂ ಬ್ಯಾಟರಿಯ ಆಯುಸ್ಸೂ

ಬಯಲುಸೀಮೆಯ ಬೇಸಗೆಯು ಬ್ಯಾಟರಿಗೆ ಶತ್ರು. ಶಾಖವು ಹತ್ತು ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಅದರ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುವುದೆಂಬುದು ಬಲ್ಲವರ ಸ್ಥೂಲ ನಿಯಮ. ಪಾವಗಡದ ಬಂಡೆಗಳು ಕಾದ ಹೆಂಚಿನಂತಾಗುವ ಚೈತ್ರ ವೈಶಾಖಗಳಲ್ಲಿ ಬಂಡಿಯನ್ನು ಬೇವಿನದೋ ಹುಣಿಸೆಯದೋ ನೆರಳಿನಲ್ಲಿ ನಿಲ್ಲಿಸುವುದು ಬ್ಯಾಟರಿಗೂ ಲೇಸು. ನೀರು ಹಾಕುವ ಬಗೆಯದಾದರೆ ತಿಂಗಳಿಗೊಮ್ಮೆ ಮಟ್ಟವನ್ನು ನೋಡಿ, ಬಟ್ಟಿ ಇಳಿಸಿದ ನೀರನ್ನು ಮಾತ್ರ ಹಾಕಬೇಕು. ನಮ್ಮ ಕೊಳವೆಬಾವಿಗಳ ಗಡಸು ನೀರು ಅದಕ್ಕೆ ವಿಷ. ಬ್ಯಾಟರಿಯನ್ನು ಅರೆಖಾಲಿಯಾಗಿಯೇ ದಿನಗಟ್ಟಲೆ ಬಿಟ್ಟರೆ ಸೀಸದ ಹಲಗೆಗಳ ಮೇಲೆ ಸಲ್ಫೇಟಿನ ಹರಳು ಗಟ್ಟಿಯಾಗಿ ಕೂರುವುದು. ಇದು ಕೆರೆಯ ಹೂಳಿನಂತೆ. ಹೂಳು ಕೂತ ಕೆರೆ ಬೇಗ ತುಂಬಿದಂತೆ ತೋರಿ ಬೇಗ ಬತ್ತುವುದು. ಕೆರೆಯ ಹೂಳನ್ನು ತೆಗೆಯಬಹುದು, ಇದನ್ನು ತೆಗೆಯುವುದು ಬಹುಮಟ್ಟಿಗೆ ಅಸಾಧ್ಯ.

ಎಂಜಿನ್ನು ನಿಲ್ಲಿಸಿ ಎಷ್ಟು ಹೊತ್ತು ಹಾಡು ಕೇಳಬಹುದು? ಸಣ್ಣ ಕಾರಿನ ಬ್ಯಾಟರಿಯು ಸಾಮಾನ್ಯವಾಗಿ ೩೫ ಆಂಪಿಯರ್ ಗಂಟೆಯದು. ಮರಳಿ ಹೊರಡುವ ಭರವಸೆ ಬೇಕಾದರೆ ಅರ್ಧಕ್ಕಿಂತ ಹೆಚ್ಚನ್ನು ತೆಗೆಯಕೂಡದು. ಉಳಿದುದು ಸುಮಾರು ೧೭. ಸರಾಸರಿ ೧೦ ಆಂಪಿಯರು ಎಳೆಯುವ ಹಾಡಾದರೆ ಒಂದೂವರೆ ಗಂಟೆ, ೨೦ ಎಳೆಯುವುದಾದರೆ ಮುಕ್ಕಾಲು ಗಂಟೆ. ಹಳೆಯ ಬ್ಯಾಟರಿಯಾದರೆ ಅದರಲ್ಲಿಯೂ ಅರ್ಧ. ಸಿದ್ಧರಬೆಟ್ಟದ ತಪ್ಪಲಿನಲ್ಲಿ ಬುತ್ತಿ ಬಿಚ್ಚಿ ಕುಳಿತ ಸಂಸಾರಕ್ಕೆ ಇಷ್ಟು ಸಾಕು. ಹಾಡು ನಿಲ್ಲಬಾರದೆಂದು ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ನನ್ನು ನಡೆಸುತ್ತ ಕೂರುವುದು ಮಾತ್ರ ಪ್ರಾಣಕ್ಕೆ ಎರವು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಅದು ಎಚ್ಚರಿಸದೆ ಕೊಲ್ಲುವುದು.

ಪ್ರಚಾರದ ಆಟೋಗಳವರಿಗೆ ಒಂದು ಮಾತು. ಆಟೋದ ವಿದ್ಯುತ್ತಿನ ವರಮಾನ ಚಿಕ್ಕದು. ನಡಿಗೆಯ ವೇಗದಲ್ಲಿ ಹೋಗುವಾಗ ಅದು ಇನ್ನೂ ಚಿಕ್ಕದಾಗುವುದು. ಇಡೀ ದಿನ ಕೂಗಬೇಕಾದರೆ ಹಾಡಿಗೇ ಬೇರೊಂದು ಬ್ಯಾಟರಿಯನ್ನಿಟ್ಟು, ರಾತ್ರಿ ಮನೆಯಲ್ಲಿ ಗಾಳಿಯಾಡುವ ಜಾಗದಲ್ಲಿ ಚಾರ್ಜರಿನಿಂದ ತುಂಬಿಕೊಳ್ಳುವುದೇ ಲೇಸು.

ಸದ್ದಿನ ಮೇರೆ

ಬೇಕಾದಷ್ಟು ವಿದ್ಯುತ್ತು ದೊರೆತ ಮಾತ್ರಕ್ಕೆ ಬೇಕಾದಷ್ಟು ಸದ್ದು ಮಾಡಬಹುದೆಂದು ಅರ್ಥವಲ್ಲ. ೮೫ ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕಿವಿಯು ತಾಳಬಹುದೆಂದು ತಜ್ಞರು ಗೊತ್ತುಮಾಡಿರುವರು. ಅಲ್ಲಿಂದ ಮೇಲೆ ಪ್ರತಿ ೩ ಡೆಸಿಬೆಲಿಗೂ ಆ ಅವಧಿಯು ಅರ್ಧವಾಗುವುದು. ೧೦೦ ಡೆಸಿಬೆಲಿನಲ್ಲಿ ಕೇವಲ ೧೫ ನಿಮಿಷ. ಗಾಜು ಮುಚ್ಚಿದ ಕಾರಿನಲ್ಲಿ ದೊಡ್ಡ ಆಂಪ್ಲಿಫೈಯರು ಈ ಮೇರೆಯನ್ನು ಸುಲಭವಾಗಿ ದಾಟುವುದು. ಒಮ್ಮೆ ಸತ್ತ ಕಿವಿಯ ನರವು ಮತ್ತೆ ಚಿಗುರುವುದಿಲ್ಲ. ತೊಡೆಯ ಮೇಲೆ ಕೂಸನ್ನಿಟ್ಟುಕೊಂಡ ತಾಯಿ ಇದನ್ನು ಮರೆಯಬಾರದು. ೨೦೦೦ದಲ್ಲಿ ಜಾರಿಗೆ ಬಂದ ಶಬ್ದಮಾಲಿನ್ಯದ ನಿಯಮಗಳ ಪ್ರಕಾರ ರಾತ್ರಿ ೧೦ರಿಂದ ಬೆಳಗಿನ ೬ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಬಳಸುವುದು ನಿಷಿದ್ಧ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ೧೦೦ ಮೀಟರು ನಿಶ್ಶಬ್ದದ ವಲಯ.

ಒಂದು ಸಣ್ಣ ವೋಲ್ಟ್ ಮೀಟರನ್ನು ಕಾರಿನಲ್ಲಿ ಕಣ್ಣಿಗೆ ಕಾಣುವಂತೆ ಕೂರಿಸಿಕೊಳ್ಳಿರಿ; ಅದರ ಬೆಲೆ ಒಂದು ಹೊತ್ತಿನ ಊಟದ್ದು. ಎಂಜಿನ್ನು ನಡೆಯುವಾಗ ಹಾಡಿನ ಏರಿನಲ್ಲಿಯೂ ಅದು ೧೩ಕ್ಕಿಂತ ಕೆಳಗಿಳಿಯದಿದ್ದರೆ ನಿಮ್ಮ ಆಯವ್ಯಯವು ಸರಿದೂಗಿದೆ. ೧೨.೫ಕ್ಕೆ ಇಳಿದು ಅಲ್ಲಿಯೇ ನಿಂತರೆ ಕೆರೆಗೆ ಬರುವುದಕ್ಕಿಂತ ತೂಬಿನಲ್ಲಿ ಹೋಗುವುದು ಹೆಚ್ಚೆಂದು ತಿಳಿದು ಗುಂಡಿಯನ್ನು ಹಿಂದಕ್ಕೆ ತಿರುಗಿಸಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದುದು ಸಂಸಾರಕ್ಕೆ. ಅದು ಕಾರಿನ ಸಂಗೀತಕ್ಕೂ ಸಲ್ಲುವುದು. ಹಾಗೆ ನಡೆದುಕೊಂಡವನ ಬಂಡಿಯಲ್ಲಿ ಹಾಡು ಇಂಪಾಗಿರುವುದು, ದೀಪ ಬೆಳಗುವುದು, ನಡುರಾತ್ರಿಯಲ್ಲಿ ಕರೆದರೂ ಎಂಜಿನ್ನು ಓಗೊಡುವುದು.